ಅವ್ವನಿಗೆ ಕಳಿಸಿದ ದನಿ

ಕಮಲಾಪುರ
ಸೋಮವಾರ, 5 ಜೂನ್ 2023

ಅಣ್ಣನಿಗೆ ನಾಗಿಯ ಶರಣು.

ಬುತ್ತಿಯ ಡಬ್ಬಿಯಲ್ಲಿ ರೊಟ್ಟಿಯ ಮೇಲೆ ಚೀಟಿ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ನಿನ್ನ ಸಂಗಡ ಜಗಳ ಮಾಡಬೇಕಾಗಿದೆ, ಫೋನಿನಲ್ಲಿ ಮಾಡೋಣವೆಂದರೆ ಅವ್ವ ಪಕ್ಕದಲ್ಲೇ ಇರುತ್ತಾಳೆ. ಕಣ್ಣು ಹೋದ ಮೇಲೆ ಅವಳ ಕಿವಿ ಎಷ್ಟು ಚುರುಕಾಗಿದೆ ಎಂದರೆ ನಾನು ಹಿತ್ತಲಲ್ಲಿ ಗೊಣಗಿದರೆ ಪಡಸಾಲೆಯಿಂದ ಉತ್ತರ ಬರುತ್ತದೆ. ನನ್ನದು ಬಟನ್ ಫೋನು, ಅದರಲ್ಲಿ ಕನ್ನಡ ಬರೆಯಲು ಬರುವುದಿಲ್ಲ. ಅದಕ್ಕೇ ಕಾಗದ.

ಮೊದಲು ರೊಟ್ಟಿಯ ಮಾತು. ಹೋದ ವಾರ ನೀನು ತಿರುಗಿ ಕಳಿಸಿದ ಡಬ್ಬಿಯಲ್ಲಿ ನನ್ನ ರೊಟ್ಟಿಗಳು ಹೇಗೆ ಕಳಿಸಿದ್ದೆನೋ ಹಾಗೇ ಇದ್ದವು. ಯಾಕೆ, ಖಾನಾವಳಿಯ ರುಚಿ ಹತ್ತಿತೇನು? ಒಲೆಯ ಮುಂದೆ ಕೂತು ಬಡಿದವಳಿಗೆ ಹೊಟ್ಟೆ ಉರಿಯುತ್ತದೆ, ತಿಳಿದಿರಲಿ. ಕಂಡಕ್ಟರ್ ಚಾಂದಪಾಶಾ ಡಬ್ಬಿ ಕೊಡುತ್ತ, "ಅಕ್ಕಾರ, ನಿಮ್ಮ ಅಣ್ಣಾರು ಭಾಳ ಸೊರಗ್ಯಾರ್ರೀ" ಎಂದ. ಅತ್ತಿಗೆ ತೀರಿಕೊಂಡ ಮೇಲೆ ಅವರು ದಪ್ಪ ಇದ್ದದ್ದು ಯಾವಾಗ ಮಾರಾಯಾ ಎಂದೆ.

ಎರಡನೆಯದು ಫೋನು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಮಾಡುತ್ತಿದ್ದವನು ಈಗ ವಾರಕ್ಕೊಮ್ಮೆಯೂ ಮಾಡುವುದಿಲ್ಲ. ಮೊನ್ನೆ ಮಾಡಿದೆಯಲ್ಲ, ದನಿ ತಗಡು ಎಳೆದ ಹಾಗಿತ್ತು. ಅವ್ವ ಸ್ವಲ್ಪ ಹೊತ್ತು ಕೇಳಿ ಫೋನು ನನ್ನ ಕೈಗಿಟ್ಟು, "ಇಂವ ನನ್ನ ಮಗ ಅಲ್ಲ, ಯಾವನೋ ರಾಂಗ್ ನಂಬರ್" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಆದರೆ ರಾತ್ರಿ ಅವಳು ಊಟ ಬಿಟ್ಟಳು. ಅವ್ವ ನಿನ್ನ ಮುಖ ನೋಡಿ ವರ್ಷಗಳಾದವು ಅಣ್ಣ. ಅವಳ ಪಾಲಿಗೆ ನೀನು ಎಂದರೆ ನಿನ್ನ ದನಿ, ಬೇರೇನೂ ಇಲ್ಲ. ನೆಗಡಿ ಇದ್ದರೆ ಕಷಾಯ ಕುಡಿ, ಫೋನ್ ಮಾಡು. ಇಲ್ಲದಿದ್ದರೆ ಬಸ್ಸು ಹತ್ತಿ ಬಾ.

ನಾಗರತ್ನಾ


ಕುಸನೂರ, ಕಲಬುರಗಿ
12 ಜೂನ್ 2023

ನಾಗಿ,

ಜಗಳ ತಲುಪಿತು. ಹಲ್ಲು ನೋವಿದೆ, ರೊಟ್ಟಿ ಅಗಿಯಲಾಗುವುದಿಲ್ಲ. ಇನ್ನು ಮುಂದೆ ಅಂಬಲಿ ಕಳಿಸು, ತೆಳ್ಳಗೆ. ಗಂಟಲು ನೆಗಡಿಯಿಂದ ಕಟ್ಟಿದೆ, ಅದಕ್ಕೇ ಫೋನಿಲ್ಲ. ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ, ಲ್ಯಾಬು ಬಿಟ್ಟು ಬರಲಾಗುವುದಿಲ್ಲ.

ಅವ್ವ ರಾಂಗ್ ನಂಬರ್ ಎಂದದ್ದನ್ನು ಓದಿ ನಾನೂ ನಕ್ಕೆ. ಆಮೇಲೆ ಕೆಲಸ ಮಾಡಲಾಗಲಿಲ್ಲ.

ಅವ್ವನಿಗಾಗಿ ಒಂದು ವಸ್ತು ಮಾಡುತ್ತಿದ್ದೇನೆ. ನಮ್ಮ ಲ್ಯಾಬಿಗೆ ಸಣ್ಣ ಕಂಪ್ಯೂಟರುಗಳು ಬಂದಿವೆ. ಒಂದೇ ಒಂದು ಹಸಿರು ಹಲಗೆ, ಇಸ್ಪೀಟು ಎಲೆಯಷ್ಟು ಅಗಲ, ಅದರಲ್ಲೇ ಎಲ್ಲ. ಪರದೆ ಬೇಕಿಲ್ಲ, ಕೀಲಿಮಣೆ ಬೇಕಿಲ್ಲ. ಅಂಥದೊಂದನ್ನು ನಾನೂ ಸ್ವಂತಕ್ಕೆ ತರಿಸಿಕೊಂಡೆ. ಅದಕ್ಕೊಂದು ಸ್ಪೀಕರು, ಒಂದು ದೊಡ್ಡ ಬಟನ್ನು. ಅವ್ವ ಬಟನ್ ಒತ್ತಿದರೆ ಅದು ನನ್ನ ದನಿಯಲ್ಲಿ ಗಂಟೆ ಹೇಳುತ್ತದೆ, ವಾರ ಹೇಳುತ್ತದೆ, ಗುಳಿಗೆಯ ನೆನಪು ಮಾಡುತ್ತದೆ.

ನೀನು ಎರಡು ಸಂಗತಿ ನೋಡಿ ಬರೆ. ಅವ್ವನ ಹೊರಸಿನ ತಲೆಯ ಕಡೆ ಪ್ಲಗ್ ಇದೆಯೋ ಇಲ್ಲವೋ. ಮತ್ತೆ, ದಿನವಿಡೀ ಅವಳು ಏನೇನು ಕೇಳುತ್ತಾಳೆ. ನಗಬೇಡ, ನಿಜವಾಗಿ ಬರೆ. ಬೇಗ ಬರೆ.

ಶಿವಶರಣ


ಕಮಲಾಪುರ
19 ಜೂನ್ 2023

ಅಣ್ಣಾ,

ಪ್ಲಗ್ ಇದೆ. ನನ್ನ ಹೊಲಿಗೆ ಮಿಷನ್ನಿನದು, ಬೇಕಾದರೆ ಬಿಟ್ಟುಕೊಡುತ್ತೇನೆ.

ಅವ್ವ ಏನು ಕೇಳುತ್ತಾಳೆ? "ಎಷ್ಟಾತ ನಾಗಿ?" ಇದು ಒಂದು. ಹತ್ತು ಎಂದು ಹೇಳಿ ಒಂದು ತೋಳು ಹೊಲಿಯುವುದರೊಳಗೆ ಮತ್ತೆ "ಎಷ್ಟಾತ?" ಕತ್ತಲೆಯಲ್ಲಿ ಇರುವವರಿಗೆ ಹೊತ್ತು ಎಲ್ಲಿ ಹೋಗುತ್ತಿದೆ ಎಂದು ಹಿಡಿದು ನೋಡಬೇಕೆನಿಸುತ್ತದೆಯೋ ಏನೋ. "ಮುಗಿಲು ಹಾಕೇತೇನ?" ಎಂದು ಕೇಳುತ್ತಾಳೆ. ಉಳಿದಂತೆ "ಶರಣ ಉಂಡಿರಬೇಕಾ?" "ಶರಣ ಯಾವಾಗ ಬರ್ತಾನಂತ?" ಹೊತ್ತು ಹೇಳುವುದನ್ನು ನಿನ್ನ ಹಲಗೆಗೆ ಕಲಿಸಬಹುದು. ಕೊನೆಯದಕ್ಕೆ ಅದು ಏನು ಹೇಳುತ್ತದೆ?

ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಮಗ ಬಾರೆಂದರೆ ಮಗನ ಬದಲಿಗೆ ಯಂತ್ರ! ಇಲ್ಲಿಂದ ಅಲ್ಲಿಗೆ ಗಂಟೆಯ ದಾರಿ. ಚಾಂದಪಾಶಾ ದಿನಕ್ಕೆ ಎರಡು ಸಲ ಬಂದು ಹೋಗುತ್ತಾನೆ. ಅಂಬಲಿ ಇಟ್ಟಿದ್ದೇನೆ. ಕೆಂಪು ಬಾಳೆಹಣ್ಣೂ ಇವೆ, ಹಲ್ಲು ಬೇಡದ ತಿನಿಸು. ತಿನ್ನು.

ನಾಗಿ


ಕುಸನೂರ, ಕಲಬುರಗಿ
10 ಜುಲೈ 2023

ನಾಗಿ,

ಪೆಟ್ಟಿಗೆಯನ್ನು ಚಾಂದಪಾಶಾ ಕೈಯಲ್ಲೇ ಕೊಡುತ್ತಿದ್ದೇನೆ, ಮಡಿಲಲ್ಲಿ ಇಟ್ಟುಕೊಂಡು ತರುತ್ತೇನೆ ಎಂದಿದ್ದಾನೆ. ನೋಡಲು ಚೆಂದವಿಲ್ಲ. ಪ್ಲಾಸ್ಟಿಕ್ಕಿನ ಮಸಾಲೆ ಡಬ್ಬಿಗೆ ಕಾದ ಸೂಜಿಯಿಂದ ತೂತು ಮಾಡಿದ್ದೇನೆ, ಬಿಸಿ ಹೊರಗೆ ಹೋಗಬೇಕು, ದನಿಯೂ ಹೋಗಬೇಕು. ಅವ್ವನ ಕೈಗೆ ಗೊತ್ತಾಗಲೆಂದು ಬಟನ್ನಿನ ಮೇಲೆ ನಿನ್ನ ಹಳೆಯ ಕುಪ್ಪಸದ ಗುಂಡಿ ಅಂಟಿಸಿದ್ದೇನೆ.

ಪ್ಲಗ್ ಹಾಕು. ಕೆಂಪು ದೀಪ ಬರುತ್ತದೆ, ಆಮೇಲೆ ಹಸಿರು ದೀಪ ಮಿಣುಕುತ್ತದೆ. ಮಿಣುಕುವುದು ನಿಂತ ಮೇಲೆ ಒತ್ತಿ ನೋಡು. ಒಮ್ಮೆ ಒತ್ತಿದರೆ ಗಂಟೆ, ಎರಡು ಸಲ ಒತ್ತಿದರೆ ಏನಾದರೂ ಮಾತು. ಹಬ್ಬದ ದಿನ ತಾನಾಗಿ ಹಬ್ಬದ ಮಾತಾಡುತ್ತದೆ. ಕರೆಂಟ್ ಹೋದರೆ ಒಳಗೆ ಒಂದೆರಡು ತಾಸಿನ ಬ್ಯಾಟರಿ ಇದೆ. ಪ್ಲಗ್ ಮಾತ್ರ ಯಾವತ್ತೂ ಕೀಳಬೇಡ. ಬ್ಯಾಟರಿ ತೀರಿ ಓದುತ್ತಿರುವಾಗಲೇ ಆರಿಹೋದರೆ ಒಳಗಿನ ಮೆಮರಿ ಕಾರ್ಡು ಕೆಡುತ್ತದೆ, ನಾನು ಹೇಳಿದ್ದೆಲ್ಲ ಇರುವುದು ಆ ಉಗುರಿನಷ್ಟು ಕಾರ್ಡಿನಲ್ಲಿ.

ಗಂಟಲು ಬೆಳಿಗ್ಗೆ ಮಾತ್ರ ಸ್ವಲ್ಪ ನೆಟ್ಟಗಿರುತ್ತದೆ. ಎದ್ದ ಕೂಡಲೇ ಬಿಸಿನೀರು ಕುಡಿದು, ಫ್ಯಾನ್ ಆರಿಸಿ, ಹೊರಗಿನ ಆಟೋಗಳ ಗದ್ದಲ ಬರಬಾರದೆಂದು ತಲೆಯ ಮೇಲೆ ಕಂಬಳಿ ಹೊದ್ದು ಮೈಕಿಗೆ ಹೇಳುತ್ತಿದ್ದೆ. ಒಂದು ದಿನ ಮನೆಯ ಮಾಲಕಿ ಇಕ್ಬಾಲ್ ಬೇಗಂ ಬಾಗಿಲು ಬಡಿದು, "ಕ್ಯಾ ಹುವಾ ಸರ್, ಯಾರ ಜೋಡಿ ಮಾತಾಡಾಕತ್ತೀರಿ?" ಎಂದರು. ನಮ್ಮವ್ವನ ಜೋಡಿ ಎಂದೆ. ಅವರು ಕೋಣೆಯೆಲ್ಲ ನೋಡಿ, ನನ್ನ ತಲೆಯ ಮೇಲಿನ ಕಂಬಳಿ ನೋಡಿ, ಹೋಗಿ ಚಹಾ ಕಳಿಸಿದರು.

ಅವ್ವ ಏನಂದಳು ಎಂಬುದನ್ನು ಒಂದು ಮಾತೂ ಬಿಡದೆ ಬರೆ.

ಶಿವಶರಣ


ಕಮಲಾಪುರ
24 ಜುಲೈ 2023

ಅಣ್ಣನಿಗೆ,

ನಿನ್ನ ಪೆಟ್ಟಿಗೆ ಗೆದ್ದಿತು, ನಾನು ಸೋತೆ.

ಅವ್ವನ ಬೆರಳು ಹಿಡಿದು ಗುಂಡಿಯ ಮೇಲೆ ಇಟ್ಟೆ. ಒತ್ತಿದಳು. "ಅವ್ವಾ, ಹನ್ನೊಂದ ಗಂಟಿ ಆತ. ಉಂಡಿ ಏನ?" ಎಂದು ನೀನು ಮಾತಾಡಿದೆ. ಅವ್ವ ಬೆಚ್ಚಿಬೀಳುತ್ತಾಳೆ ಎಂದುಕೊಂಡಿದ್ದೆ. ಸೆರಗು ಸರಿ ಮಾಡಿಕೊಂಡು, "ಎಲ್ಲೀ ಊಟಪ್ಪಾ, ನಾಗಿ ಇನ್ನಾ ಒಲಿ ಹಚ್ಚಿಲ್ಲ" ಎಂದು ನನ್ನ ಮೇಲೆ ಚಾಡಿ ಹೇಳಿದಳು! ಇದು ಯಂತ್ರ ಅವ್ವ, ಅದಕ್ಕೆ ಕೇಳಿಸುವುದಿಲ್ಲ ಎಂದರೆ, "ನನಗ ಕೇಳಸ್ತದಲ್ಲ, ಸಾಕು" ಎನ್ನುತ್ತಾಳೆ.

ಈಗ ಮನೆಯಲ್ಲಿ ಮೂರು ಜನ ಇದ್ದ ಹಾಗಿದೆ. ಪಕ್ಕದ ಮನೆಯ ಭೀಮಬಾಯಿ ದಿನಾ ಬಂದು ಒತ್ತಿ ಕೇಳುತ್ತಾಳೆ. ಒಂದು ಕಡೆ "ಗುಳಿಗಿ ತಗೋ" ಎಂದು ನೀನು ಕೆಮ್ಮಿದ್ದು ಹಾಗೇ ಉಳಿದಿದೆ. ಅದು ಬರುವವರೆಗೆ ಅವ್ವ ಮತ್ತೆ ಮತ್ತೆ ಒತ್ತುತ್ತಾಳೆ. "ಕೆಮ್ಮಾಕತ್ತಾನ, ಜ್ಯೇಷ್ಠಮಧು ಕಳಸ ನಾಗಿ." ಅದಕ್ಕೇ ಈ ಡಬ್ಬಿಯಲ್ಲಿ ಜ್ಯೇಷ್ಠಮಧು ಇದೆ.

ಒಂದು ಮಾತು ಹೇಳಲೇ? ನನಗೆ ಹೊಟ್ಟೆಕಿಚ್ಚಾಗಿದೆ. ಗಂಡನ ಮನೆ ಬಿಟ್ಟು ಬಂದಾಗಿನಿಂದ ಅವಳ ತಲೆ ಬಾಚುವವಳು ನಾನು, ಕೈಹಿಡಿದು ಬಚ್ಚಲಿಗೆ ಒಯ್ಯುವವಳು ನಾನು. ನನ್ನ ದನಿಗೆ ಅವಳ ಮುಖ ಒಮ್ಮೆಯೂ ಹಾಗೆ ಅರಳಿದ್ದಿಲ್ಲ. ಬೈಯಬೇಡ. ಬರೆದು ಹಗುರಾದೆ.

ಪಂಚಮಿಗೆ ಬಾ. ತಂಗಿಗೆ ಹಬ್ಬ ಮಾಡುವುದು ಅಣ್ಣನ ಕೆಲಸ, ಪೆಟ್ಟಿಗೆಯದಲ್ಲ.

ನಾಗಿ


ಕಲಬುರಗಿ
ಮಂಗಳವಾರ, 8 ಆಗಸ್ಟ್ 2023

ನಾಗಿ,

ಈ ಕಾಗದವನ್ನು ಶುಕ್ರವಾರದವರೆಗೆ ನಿನಗೆ ಕೊಡಬೇಡವೆಂದು ಚಾಂದಪಾಶಾನಿಂದ ಮಾತು ತೆಗೆದುಕೊಂಡಿದ್ದೇನೆ. ಅವನ ಮೇಲೆ ಸಿಟ್ಟಾಗಬೇಡ.

ನನಗೆ ಹಲ್ಲು ನೋವಿರಲಿಲ್ಲ, ನೆಗಡಿಯೂ ಅಲ್ಲ. ಗಂಟಲಿನಲ್ಲಿ ಕ್ಯಾನ್ಸರ್. ಏಪ್ರಿಲ್‌ನಲ್ಲೇ ಗೊತ್ತಾಯಿತು. ನಾಳೆ ಬುಧವಾರ ಆಪರೇಷನ್. ದನಿ ಹುಟ್ಟುವ ಭಾಗವನ್ನೇ ತೆಗೆದುಹಾಕುತ್ತಾರೆ. ಕುತ್ತಿಗೆಯಲ್ಲಿ ತೂತು ಇಡುತ್ತಾರೆ, ಉಸಿರಾಟ ಅಲ್ಲಿಂದ. ಜೀವ ಉಳಿಯುತ್ತದೆ ಎಂದು ಡಾಕ್ಟರು ಹೇಳುತ್ತಾರೆ. ಮಾತು ಉಳಿಯುವುದಿಲ್ಲ. ನೀನು ಇದನ್ನು ಓದುವ ಹೊತ್ತಿಗೆ ಅದು ಮುಗಿದಿರುತ್ತದೆ. ಕಾಲೇಜಿನ ಗುರುಪ್ರಸಾದ ನನ್ನ ಜೊತೆ ಇರುತ್ತಾನೆ, ಒಳ್ಳೆಯ ಮನುಷ್ಯ, ಭಯಪಡಬೇಡ.

ನೀನು ಬಾ ಬಾ ಎಂದು ಬರೆದಾಗಲೆಲ್ಲ ಬಸ್ ನಿಲ್ದಾಣದವರೆಗೆ ಹೋಗಬೇಕೆನಿಸುತ್ತಿತ್ತು. ಆದರೆ ಆ ತಗಡಿನ ದನಿ ತೆಗೆದುಕೊಂಡು ಅವ್ವನ ಮುಂದೆ ಹೇಗೆ ಕೂರಲಿ? ನನ್ನ ಹಳೆಯ ದನಿ ಇನ್ನೂ ಬೆಳಗಿನ ಒಂದಿಷ್ಟು ಹೊತ್ತು ಬರುತ್ತಿತ್ತು. ಅದನ್ನು ಹಿಡಿದು ಮನೆಗೆ ಮುಟ್ಟಿಸಿಬಿಡಬೇಕೆಂದು ಅವಸರ ಮಾಡಿದೆ. ಮುಟ್ಟಿಸಿದೆ.

ಅವ್ವನಿಗೆ ಹೇಳಬೇಡ. ಕೈಮುಗಿದು ಕೇಳುತ್ತೇನೆ. ಅವಳ ಮಗ ಅವಳಿಗೆ ಗಂಟೆ ಹೇಳುತ್ತಿರಲಿ, ಹೇಳುತ್ತಲೇ ಇರಲಿ. ಮೊದಲೇ ಹೇಳಿದ್ದರೆ ನೀನು ಓಡಿ ಬರುತ್ತಿದ್ದೆ, ನಿನ್ನ ಅಳುವನ್ನು ಅವ್ವನ ಕಿವಿಯಿಂದ ಮುಚ್ಚಿಡಲು ನಿನ್ನಿಂದ ಆಗುತ್ತಿರಲಿಲ್ಲ.

ನನಗೆ ಬಹಳ ಹೆದರಿಕೆಯಾಗಿದೆ ನಾಗಿ.

ನಿನ್ನ ಅಣ್ಣ


ಕಮಲಾಪುರ
ಪಂಚಮಿ, 21 ಆಗಸ್ಟ್ 2023

ಅಣ್ಣಾ,

ನಿನ್ನನ್ನು ನೋಡಿ ಬಂದು ವಾರವಾಯಿತು. ನೀನು ಮಂಪರಿನಲ್ಲಿದ್ದೆ, ನಾನು ಬಂದದ್ದು ನೆನಪಿದೆಯೋ ಇಲ್ಲವೋ. ನನ್ನ ಕೈಯನ್ನು ಮಾತ್ರ ಗಟ್ಟಿಯಾಗಿ ಹಿಡಿದಿದ್ದೆ. ಕುತ್ತಿಗೆಯ ಆ ತೂತನ್ನು ನಾನು ನೋಡಿದೆ. ನೋಡಬಾರದೆಂದುಕೊಂಡೇ ನೋಡಿದೆ.

ರೊಟ್ಟಿ ನುಂಗಲಾಗದವನಿಗೆ ಖಾನಾವಳಿಯ ರುಚಿ ಹತ್ತಿತೇ ಎಂದು ಕೇಳಿದೆನಲ್ಲ, ನನ್ನ ನಾಲಗೆ ಸುಟ್ಟುಹೋಗಲಿ. ನಿನ್ನ ಮೇಲೂ ಸಿಟ್ಟಿದೆ. ನಾನು ತಂಗಿಯೋ, ಯಾರೋ ಹೊರಗಿನವಳೋ? ಏಪ್ರಿಲ್‌ನಿಂದ ಒಬ್ಬನೇ ಹೊತ್ತುಕೊಂಡು ತಿರುಗಿದೆಯಲ್ಲ. ಹೇಗೆ ತಿರುಗಿದೆಯೋ.

ಅವ್ವನಿಗೆ ಹೇಳಿಲ್ಲ. ಅವತ್ತು ಭೀಮಬಾಯಿಯನ್ನು ಕೂರಿಸಿ, ಬಟ್ಟೆ ತರಲು ಹೋಗುತ್ತೇನೆ ಎಂದಿದ್ದೆ. ನೀನು ಹೈದರಾಬಾದಿಗೆ ಟ್ರೇನಿಂಗಿಗೆ ಹೋಗಿದ್ದೀಯ ಎಂದು ಹೇಳಿದ್ದೇನೆ. "ಹೋಗವಲ್ನ್ಯಾಕ, ದಿನಾ ಮಾತಾಡ್ತಾನಲ್ಲ" ಎಂದಳು. ಇವತ್ತು ಪೆಟ್ಟಿಗೆ ತಾನಾಗಿ "ನಾಗಿ, ಪಂಚಮಿ ಉಂಡಿ ನನಗೂ ಎತ್ತಿಡು" ಎಂದಿತು. ನಾನು ಹಿತ್ತಲಿಗೆ ಓಡಿದೆ. ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ, ಅವ್ವನಿಗೆ ಕೇಳಬಾರದಲ್ಲ.

ನಿನ್ನ ನಾಗಿ


ಕುಸನೂರ, ಕಲಬುರಗಿ
9 ಅಕ್ಟೋಬರ್ 2023

ನಾಗಿ,

ಕೋಣೆಗೆ ಬಂದೆ. ಇಕ್ಬಾಲ್ ಬೇಗಂ ಗಂಜಿ ಮಾಡಿಕೊಡುತ್ತಾರೆ, ನಿನ್ನ ಅಂಬಲಿಯೂ ಇದೆ, ನುಂಗಲು ಬರುತ್ತಿದೆ. ಕಾಲೇಜಿಗೆ ಅರ್ಧ ದಿನ ಹೋಗುತ್ತೇನೆ. ಹುಡುಗರಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ.

ಎಲ್ಲಕ್ಕಿಂತ ಕಷ್ಟ ಸುಮ್ಮನಿರುವುದಲ್ಲ. ಬಾಯಿ ತೆರೆದಾಗ ಮಾತು ಬರುತ್ತದೆ ಎಂದು ಮೈ ಇನ್ನೂ ನಂಬಿಕೊಂಡಿರುವುದು. ಕಾಲಿಗೆ ಕಲ್ಲು ಎಡವಿದರೆ "ಯವ್ವಾ" ಎನ್ನಲು ಹೋಗುತ್ತೇನೆ, ಕುತ್ತಿಗೆಯಿಂದ ಬರೀ ಗಾಳಿ ಹೋಗುತ್ತದೆ.

ಒಂದೇ ಸಮಾಧಾನವಿದೆ. ಗಡಿಯಾರದಲ್ಲಿ ಏಳು ಆದಾಗ, ಈಗ ಅವ್ವ ಒತ್ತಿರುತ್ತಾಳೆ, ನಾನು ಹೇಳಿರುತ್ತೇನೆ ಎಂದುಕೊಳ್ಳುತ್ತೇನೆ. ನನ್ನಲ್ಲಿ ಇಲ್ಲದ ದನಿ ಅಲ್ಲಿ ಓಡಾಡಿಕೊಂಡಿದೆ. ದಸರೆಯ ಬನ್ನಿ ಹಬ್ಬದ ದಿನ ಅದು ತಾನಾಗಿ ಅವ್ವನಿಗೆ ಬನ್ನಿ ಕೊಡುವ ಮಾತು ಹೇಳುತ್ತದೆ. ಅದನ್ನು ಹೇಳಿದ ಬೆಳಿಗ್ಗೆ ದನಿ ಪೂರ್ತಿ ತಿಳಿಯಾಗಿತ್ತು, ಹಳೆಯ ಶಿವಶರಣನೇ. ಅವ್ವ ಏನಂದಳು ಎಂದು ಬರೆ.

ನಾನು ಬರಬೇಕೆಂದು ನೀನು ಕೇಳುವ ಮೊದಲೇ ಹೇಳುತ್ತೇನೆ. ಕಾಣದವಳ ಮುಂದೆ ಮಾತಾಡದವನು ಬಂದು ನಿಂತರೆ ಅವಳ ಪಾಲಿಗೆ ಅಲ್ಲಿ ಯಾರೂ ಇಲ್ಲ. ಅದಕ್ಕಿಂತ ಪೆಟ್ಟಿಗೆಯಲ್ಲಿ ಇರುವುದೇ ಮೇಲು.

ಶಿವಶರಣ


ಕಮಲಾಪುರ
30 ಅಕ್ಟೋಬರ್ 2023

ಅಣ್ಣಾ,

ಹಬ್ಬ ಆಯಿತು. ಎಲ್ಲ ಸುಖ. ಕುಪ್ಪಸ ಹೊಲಿಯುವ ಕೆಲಸ ಬಹಳ ಬಂದಿದೆ, ಬರೆಯಲು ಹೊತ್ತಿಲ್ಲ. ಹೋಳಿಗೆಯನ್ನು ಹಾಲಿನಲ್ಲಿ ಕಿವುಚಿ ಸಣ್ಣ ಡಬ್ಬಿಯಲ್ಲಿ ಇಟ್ಟಿದ್ದೇನೆ, ಇವತ್ತೇ ತಿನ್ನು. ಮೈ ಕಡೆ ನೋಡಿಕೋ.

ನಾಗಿ


ಕುಸನೂರ, ಕಲಬುರಗಿ
6 ನವೆಂಬರ್ 2023

ನಾಗಿ,

ಹೋಳಿಗೆ ನುಂಗಿದೆ, ರುಚಿಯಾಗಿತ್ತು. ಆದರೆ ನಿನ್ನ ಪತ್ರ ಉಪ್ಪಿಲ್ಲದ ಸಾರಿನ ಹಾಗಿದೆ. ಬನ್ನಿಯ ದಿನ ಅವ್ವ ಏನಂದಳು? ನಕ್ಕಳೋ, ಅತ್ತಳೋ? ಪೆಟ್ಟಿಗೆಗೇ ತಿರುಗಿ ಬನ್ನಿ ಕೊಟ್ಟಳೋ? ನಾನು ಇಲ್ಲಿ ದಿನಾ ಅದನ್ನೇ ಎಣಿಸುತ್ತ ಕೂತಿದ್ದೇನೆ. ಬೇರೆ ಏನೂ ಬರೆಯದಿದ್ದರೂ ಅದೊಂದು ಬರೆ.

ಶಿವಶರಣ


ಕಮಲಾಪುರ
13 ನವೆಂಬರ್ 2023

ಅಣ್ಣಾ,

ಬನ್ನಿಯ ದಿನ ಪೆಟ್ಟಿಗೆ ಮಾತಾಡಲಿಲ್ಲ. ಹಿಂದಿನ ದಿನವೇ ಸತ್ತುಹೋಗಿತ್ತು.

ಖಂಡೆ ಪೂಜೆಯ ದಿನ ನಾನು ಹೊಲಿಗೆ ಮಿಷನ್ನು ಒರೆಸಿ, ಕತ್ತರಿ, ಕುಡಗೋಲು, ಈಳಿಗೆ ಎಲ್ಲ ತೊಳೆದು ಪೂಜೆಗೆ ಇಡುತ್ತಿದ್ದೆ. ಅವ್ವ, "ನಮ್ಮ ಶರಣನ್ನೂ ಇಡವಾ, ಮನ್ಯಾಗ ಎಲ್ಲಾರಕಿಂತ ಹೆಚ್ಚು ದುಡಿಯಾಂವ ಅಂವನ" ಎಂದಳು. ನಗುತ್ತ ಪೆಟ್ಟಿಗೆಯನ್ನೂ ಮಣೆಯ ಮೇಲೆ ಇಟ್ಟೆ. ಪ್ಲಗ್ ಕೀಳಬಾರದೆಂದು ನೀನು ಹೇಳಿದ್ದೆಯಲ್ಲ, ವಯರು ಹಾಗೇ ಎಳೆದುಕೊಂಡು ಬಂದು ಇಟ್ಟೆ. ನಾನು ಕಾಯಿ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅವ್ವ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಒದ್ದೆ ಬಟ್ಟೆಯಿಂದ ಒರೆಸಿ, ವಿಭೂತಿಯನ್ನು ನೀರಿನಲ್ಲಿ ಕಲಸಿ ಮೂರು ಬೆರಳಿನಿಂದ ಉದ್ದಕ್ಕೂ ಎಳೆಯುತ್ತಿದ್ದಳು. ಮಗುವಿಗೆ ಎರೆದು ಹಣೆಗೆ ಹಚ್ಚುತ್ತಾರಲ್ಲ, ಹಾಗೆ. ನೀರು ನೀನು ಮಾಡಿದ ತೂತುಗಳಲ್ಲಿ ಇಳಿಯಿತು. ಚಟ್ ಎಂದಿತು, ಸುಟ್ಟ ವಾಸನೆ ಬಂತು. ಎರಡು ದೀಪವೂ ಆರಿದವು. ಅವ್ವ ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. "ಯಾಕಪ್ಪಾ?" ಎಂದಳು.

ರಿಪೇರಿಗೆ ಕೊಡಬೇಕು ಎಂದು ಹೇಳಿದ್ದೇನೆ. ಅವಳು ಈಗ ಯಾರನ್ನೂ ಗಂಟೆ ಕೇಳುವುದಿಲ್ಲ. ನಿನಗೆ ಉಳಿದಿರುವ ಒಂದು ಸಮಾಧಾನವನ್ನು ನಾನೇ ಹೇಗೆ ಕಸಿಯಲಿ ಎಂದು ಸುಳ್ಳು ಬರೆದೆ. ತಪ್ಪು ನನ್ನದು, ಅವ್ವನದಲ್ಲ. ಪೆಟ್ಟಿಗೆಯನ್ನು ಇದರ ಜೊತೆ ಕಳಿಸಿದ್ದೇನೆ. ಏನಾದರೂ ಉಳಿದಿದೆಯೇ ನೋಡು. ನಿನ್ನ ಹತ್ತಿರ ಇನ್ನೊಂದು ನಕಲು ಇದ್ದೇ ಇರುತ್ತದಲ್ಲ?

ನಾಗಿ


ಕುಸನೂರ, ಕಲಬುರಗಿ
27 ನವೆಂಬರ್ 2023

ನಾಗಿ,

ಕಾರ್ಡು ಸುಟ್ಟಿದೆ. ಲ್ಯಾಬಿನ ಎಲ್ಲ ಕಂಪ್ಯೂಟರಿಗೂ ಹಾಕಿ ನೋಡಿದೆ. ನಕಲು ಇಲ್ಲ. ನಕಲು ಇಟ್ಟುಕೊಳ್ಳಿ ಎಂದು ಹುಡುಗರಿಗೆ ಬೆಳಗಿನಿಂದ ಸಂಜೆಯವರೆಗೆ ಹೇಳುವವನು ನಾನೇ. ಆದರೆ ನಕಲು ಸರಿಯಾಗಿದೆಯೇ ಎಂದು ನೋಡಲು ನನ್ನ ದನಿಯನ್ನು ಮತ್ತೆ ಕೂತು ಕೇಳಬೇಕಿತ್ತು. ಆ ಧೈರ್ಯ ಬರಲಿಲ್ಲ. ನಾಳೆ ಮಾಡಿದರಾಯಿತು ಎಂದು ಬಿಟ್ಟೆ. ನೀನು ತಪ್ಪು ನನ್ನದು ಎನ್ನಬೇಡ. ಅವ್ವ ನನ್ನ ಹಣೆಗೆ ವಿಭೂತಿ ಹಚ್ಚಿದಳು, ಅಷ್ಟೇ ನಡೆದದ್ದು.

ಇನ್ನೊಂದು ಸಂಗತಿ ಹೇಳಬೇಕು. ಮೊನ್ನೆ ಶನಿವಾರ ನಾನು ಬಂದಿದ್ದೆ.

ದನಿ ಹೋಯಿತು, ಇನ್ನು ಮೈಯಾದರೂ ಹೋಗಲಿ ಎಂದು ಬಸ್ಸು ಹತ್ತಿಬಿಟ್ಟೆ. ನೀನು ಸಂತೆಗೆ ಹೋಗಿದ್ದೆ. ಅವ್ವ ಪಡಸಾಲೆಯ ಹೊರಸಿನ ಮೇಲೆ ಒಬ್ಬಳೇ ಇದ್ದಳು. ಹೊಸ್ತಿಲಲ್ಲಿ ನಿಂತೆ. "ಯಾರದು?" ಎಂದಳು. ಬಾಯಿ ತೆರೆದೆ, ಗಾಳಿ ಹೋಯಿತು. "ಯಾರಪಾ? ಮಾತಾಡು." ಬಾಗಿಲು ತಟ್ಟಿದೆ. ತಟ್ಟಿದರೆ ಏನು ತಿಳಿಯಬೇಕು ಪಾಪ ಅವಳಿಗೆ. ನನ್ನ ಹೆಜ್ಜೆ ಅವಳಿಗೆ ಗೊತ್ತಿತ್ತು, ಆದರೆ ಸೊರಗಿದವನ ಹೆಜ್ಜೆಯೂ ಬೇರೆ. ಮೈಯೆಲ್ಲ ದವಾಖಾನೆಯ ವಾಸನೆ. ಹತ್ತಿರ ಹೋಗಿ ಅವಳ ಕೈ ಹಿಡಿದುಕೊಂಡರೆ ತಿಳಿದೀತು ಎಂದು ಒಳಗೆ ಕಾಲಿಟ್ಟೆ. ಅವ್ವ ಗೋಡೆಗೆ ಸರಿದು, ಕಿವಿಯ ಬಂಗಾರದ ಬೆಂಡೋಲೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು. "ಭೀಮಬಾಯೀ, ಯಾರೋ ಒಳಗ ಬಂದಾರ ನೋಡ ಬಾರಽ!" ಎಂದು ಚೀರಿದಳು.

ನನ್ನ ಅವ್ವ ನನಗೆ ಹೆದರಿದಳು ನಾಗಿ. ಭೀಮಬಾಯಿ ಬರುವ ಮೊದಲೇ ಹೊರಟುಬಂದೆ. ಇನ್ನು ಬರುವುದಿಲ್ಲ. ಡಬ್ಬಿ ಕಳಿಸುವುದನ್ನು ಮಾತ್ರ ನಿಲ್ಲಿಸಬೇಡ.

ಶಿವಶರಣ


ಕಮಲಾಪುರ
4 ಡಿಸೆಂಬರ್ 2023

ಅಣ್ಣಾ,

ಆ ಶನಿವಾರ ನಾನು ಸಂತೆಯಿಂದ ಬಂದಾಗ ಅವ್ವ ಇನ್ನೂ ಗೋಡೆಗೆ ಒತ್ತಿಕೊಂಡೇ ಕೂತಿದ್ದಳು. ಕಳ್ಳ ಬಂದಿದ್ದ ಎಂದಳು. ಭೀಮಬಾಯಿ ಓಣಿಯನ್ನೆಲ್ಲ ಶಪಿಸಿದಳು. ನಾನು ಬಾಗಿಲಿಗೆ ಹೊಸ ಚಿಲಕ ಹಾಕಿಸಿದೆ. ನಿನ್ನ ಕಾಗದ ಓದಿದ ಮೇಲೆ ಆ ಚಿಲಕ ನೋಡಲಾಗಲಿಲ್ಲ.

ನೀನು ಬೇಡವೆಂದಿದ್ದರೂ ಹೇಳಿದೆ. ಎಲ್ಲವನ್ನೂ ಹೇಳಿದೆ. ಗಂಟಲು, ಆಪರೇಷನ್, ಕಂಬಳಿ ಹೊದ್ದು ನೀನು ಮಾತು ತುಂಬಿಸಿದ್ದು, ಬಂದವನು ನೀನೇ ಎಂಬುದು. ಅವ್ವ ಅಳಲಿಲ್ಲ. ಒಂದೇ ಮಾತು ಕೇಳಿದಳು. "ನಾ ಬೆಂಡೋಲಿ ಮುಚ್ಕೊಂಡದ್ದು ಅಂವ ನೋಡಿದನ?"

ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. ನೋಡಿದ ಅವ್ವ ಎಂದೆ. ಅವಳು ಎರಡೂ ಬೆಂಡೋಲೆ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಎಷ್ಟು ಹೇಳಿದರೂ ಮತ್ತೆ ಹಾಕಿಕೊಂಡಿಲ್ಲ.

ಅಂದಿನಿಂದ ಹಗಲು ಬಾಗಿಲು ಹಾಕಬಾರದು ಎನ್ನುತ್ತಾಳೆ. ಯಾರಾದರೂ ಬಂದು ಮಾತಾಡಿದರೆ ಅವರ ಹೆಸರು ಹಿಡಿದು ಕರೆಯುತ್ತಾಳೆ. ಹೊಸ್ತಿಲಲ್ಲಿ ಸಪ್ಪಳವಾಗಿ ಮಾತು ಬಾರದಿದ್ದರೆ, "ಬಾಪ್ಪಾ ಶರಣ, ಒಳಗ ಬಾ" ಎನ್ನುತ್ತಾಳೆ. ಆಡು ಬಂದು ನಿಂತರೂ ಹಾಗೆನ್ನುತ್ತಾಳೆ. ಗಾಳಿಗೆ ಪರದೆ ಅಲುಗಿದರೂ ಹಾಗೆನ್ನುತ್ತಾಳೆ. ಮೊದಮೊದಲು ಅದು ಆಡು ಅವ್ವ ಎನ್ನುತ್ತಿದ್ದೆ, ಈಗ ಬಿಟ್ಟಿದ್ದೇನೆ.

ನಿನ್ನೆ ಚಾಂದಪಾಶಾ ಖಾಲಿ ಡಬ್ಬಿ ತಂದ. ಬಿಸಿಲಲ್ಲಿ ನಡೆದು ಬಂದವನು ಏದುಸಿರು ಬಿಡುತ್ತ ಹೊಸ್ತಿಲಲ್ಲಿ ನಿಂತಿದ್ದಾನೆ. "ಬಂದಿ ಏನಪ್ಪಾ ಶರಣ?" ಎಂದು ಅವ್ವ ಕೈ ಚಾಚಿದಳು. ನಾನು ಒಳಗಿನಿಂದ ನೋಡುತ್ತಿದ್ದೆ. ಅವನಿಗೆ "ನಾನು ಚಾಂದಪಾಶಾ" ಎನ್ನಲು ಬಾಯಿ ಬರಲಿಲ್ಲ. ಹೋಗಿ ಹೊರಸಿನ ಪಕ್ಕ ನೆಲದ ಮೇಲೆ ಕೂತ. ಅವ್ವ ಅವನ ತಲೆ ಸವರಿ, "ಹೆದರಸಿಬಿಟ್ಟೆ ನಿನಗ, ಮುಪ್ಪಿನ್ಯಾಕಿ, ಮನಸಿಗೆ ಹಚ್ಕೋಬ್ಯಾಡ" ಎಂದಳು. ಅವನ ಕಣ್ಣೀರು ಗಡ್ಡದಲ್ಲಿ ಇಳಿಯುತ್ತಿತ್ತು, ಒಂದು ಸಪ್ಪಳ ಮಾಡಲಿಲ್ಲ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನನಗೆ ಹೇಳಿದ. "ಅಕ್ಕಾರ, ನನ್ನ ಪಾಲಿಂದಲ್ಲದ್ದು ತಗೊಂಡು ಕುಂತಿದ್ದೆ. ಅದು ಯಾರ ಪಾಲಿಂದೋ ಅವರಿಗೆ ಬರಾಕ ಹೇಳ್ರಿ."

ಬಾ ಅಣ್ಣ. ಭಾನುವಾರ ಬೆಳಗಿನ ಬಸ್ಸಿನಲ್ಲಿ ಅವನು ನಿನಗೆ ಸೀಟು ಹಿಡಿದಿಡುತ್ತಾನಂತೆ.

ನಾನು ಇಷ್ಟು ಬರೆಯುವಾಗ ಅವ್ವ ಪಕ್ಕದಲ್ಲಿ ಕೂತು ಪೆನ್ನಿನ ಸಪ್ಪಳ ಕೇಳುತ್ತಿದ್ದಾಳೆ. ಅಣ್ಣನಿಗೆ ನಿನ್ನ ಮಾತೇನಾದರೂ ಬರೆಯಲೇ ಅವ್ವ ಎಂದು ಕೇಳಿದೆ. ಬರೆ ಎಂದಳು.

"ಯಾರದು ಅಂತ ಇನ್ನ ಕೇಳಂಗಿಲ್ಲಪ್ಪಾ."

ನಾಗಿ